ಟನಲ್ ಕೈಕೊಟ್ಟ ದಿನ: ವೈರ್‌ಗಾರ್ಡ್, ಓಪನ್‌ವಿಪಿಎನ್, ಐಪಿಸೆಕ್ ನಡುವೆ ಆಯ್ಕೆ ಹೇಗೆ?

ದೂರದ ಯಂತ್ರಗಳನ್ನು ಇಂಟರ್ನೆಟ್ ಮೂಲಕ ಗೂಢಲಿಪಿಯ ಸುರಂಗದಿಂದ, ಅಂದರೆ ಟನಲ್‌ನಿಂದ, ಬೆಸೆಯುವ ವ್ಯವಸ್ಥೆಯೇ ವಿಪಿಎನ್. ವೈರ್‌ಗಾರ್ಡ್, ಓಪನ್‌ವಿಪಿಎನ್, ಐಪಿಸೆಕ್ ಅದರ ಮೂರು ಬಗೆ. ವಿಪಿಎನ್ ಆರಿಸಲು ಹೊರಟವರು ಮೊದಲು ಹುಡುಕುವುದು ವೇಗದ ಅಂಕಿಗಳನ್ನು. ನನ್ನ ಮಟ್ಟಿಗೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಹತ್ತಿಪ್ಪತ್ತು ಜನರ ಕಚೇರಿಗಾಗಲಿ, ಎರಡು ಮೂರು ಸರ್ವರ್‌ಗಳ ಜೋಡಣೆಗಾಗಲಿ ಈ ಮೂರರಲ್ಲಿ ಯಾವುದನ್ನು ಹಾಕಿದರೂ ಸಾಮಾನ್ಯವಾಗಿ ಮೊದಲು ಸುಸ್ತಾಗುವುದು ಇಂಟರ್ನೆಟ್ ಸಂಪರ್ಕವೇ ಹೊರತು ಟನಲ್ ಅಲ್ಲ. ಮೊದಲು ಕೇಳಿಕೊಳ್ಳಬೇಕಾದ್ದು ಬೇರೆ. ಟನಲ್ ನಿಂತುಹೋದ ದಿನ ಕಾರಣ ಎಲ್ಲಿ ಕಾಣಿಸುತ್ತದೆ? ಅದನ್ನು ಓದಿ ಅರ್ಥಮಾಡಿಕೊಳ್ಳುವವರು ತಂಡದಲ್ಲಿ ಯಾರಿದ್ದಾರೆ? ಆಚೆ ತುದಿಯ ಯಂತ್ರ ಯಾರ ಕೈಯಲ್ಲಿದೆ? ಚೆನ್ನಾಗಿ ನಡೆಯುವಾಗ ಮೂರೂ ಒಂದೇ ರೀತಿ ಕಾಣುತ್ತವೆ. ಕೆಟ್ಟಾಗ ಮಾತ್ರ ಒಂದೊಂದರ ಸ್ವಭಾವ ಒಂದೊಂದು ದಿಕ್ಕು.

ಅವಸರದಲ್ಲಿರುವವರಿಗೆ ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡೂ ತುದಿಗಳು ನಿಮ್ಮವೇ ಆಗಿದ್ದು, ಎರಡರಲ್ಲೂ ಲಿನಕ್ಸ್ ಇದ್ದರೆ ವೈರ್‌ಗಾರ್ಡ್. ಬಂದುಹೋಗುವ ಬಳಕೆದಾರರು ಬಹಳ ಮಂದಿಯಿದ್ದು, ಅವರು ಎಲ್ಲೆಲ್ಲಿಂದಲೋ ಯಾವ್ಯಾವುದೋ ವೈಫೈಯಿಂದ ಒಳಬರಬೇಕಾದರೆ ಓಪನ್‌ವಿಪಿಎನ್. ಆಚೆ ತುದಿ ಬೇರೆ ಸಂಸ್ಥೆಯದ್ದು, ಅಲ್ಲಿರುವುದು ಯಾವುದೋ ಕಂಪನಿಯ ರೂಟರ್ ಅಥವಾ ಫೈರ್‌ವಾಲ್ ಪೆಟ್ಟಿಗೆ ಎಂದಾದರೆ ಐಪಿಸೆಕ್. ಇನ್ನು ಮುಂದಿನದ್ದು ಈ ತೀರ್ಮಾನಕ್ಕೆ ಕಾರಣ.

ವೈರ್‌ಗಾರ್ಡ್: ಸುಮ್ಮನಿರುವುದೇ ಅದರ ಗುಣ, ಅದೇ ಅದರ ಕಷ್ಟ

ಜೇಸನ್ ಡೊನೆನ್‌ಫೆಲ್ಡ್ ರೂಪಿಸಿದ ವೈರ್‌ಗಾರ್ಡ್ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳಗೆ ಸೇರಿದ್ದು 2020ರ ಮಾರ್ಚ್‌ನಲ್ಲಿ ಬಂದ 5.6ನೇ ಆವೃತ್ತಿಯಲ್ಲಿ. ಕೋಡ್ ಸುಮಾರು 4,000 ಸಾಲು. ಗೂಢಲಿಪಿಯ ವಿಧಾನಗಳನ್ನು ಆರಿಸುವ ಅವಕಾಶವೇ ಇಲ್ಲ: ಕೀಲಿ ವಿನಿಮಯಕ್ಕೆ ಕರ್ವ್25519, ದತ್ತಾಂಶಕ್ಕೆ ಚಾಚಾ20 ಮತ್ತು ಪಾಲಿ1305, ಅಷ್ಟೇ. ಆಯ್ಕೆ ಇಲ್ಲದ್ದರಿಂದ ಎರಡು ತುದಿಗಳ ಆಯ್ಕೆ ಹೊಂದದೆ ಜಗಳವಾಗುವ ಪ್ರಸಂಗವೂ ಇಲ್ಲ. ಐಪಿಸೆಕ್‌ನಲ್ಲಿ ಇದೇ ಜಗಳಕ್ಕೆ ದಿನಗಟ್ಟಲೆ ಕಳೆದವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಆದರೆ ಗುರುತಿಲ್ಲದವರು ಬಾಗಿಲು ತಟ್ಟಿದರೆ ಒಳಗಿನಿಂದ ಸದ್ದೇ ಬಾರದ ಮನೆಯಂತೆ ಅದು ವರ್ತಿಸುತ್ತದೆ. ಕೀಲಿ ತಪ್ಪಾಗಿದ್ದರೆ ‘ತಪ್ಪು’ ಎನ್ನುವುದಿಲ್ಲ, ಪ್ಯಾಕೆಟ್ಟನ್ನು ಸದ್ದಿಲ್ಲದೆ ಬಿಸಾಡುತ್ತದೆ. ಹೊರಗಿನಿಂದ ಪೋರ್ಟ್ ಜಾಲಾಡುವವನಿಗೆ ಅಲ್ಲಿ ವಿಪಿಎನ್ ಇದೆಯೆಂಬುದೇ ತಿಳಿಯಬಾರದು ಎಂದು ಬೇಕೆಂದೇ ಮಾಡಿದ ವ್ಯವಸ್ಥೆ ಅದು. ಭದ್ರತೆಗೆ ಒಳ್ಳೆಯದು. ದೋಷ ಹುಡುಕುವವನಿಗೆ ಮಾತ್ರ, ನಡೆದದ್ದನ್ನು ಬರೆದಿಡುವ ಲಾಗ್ ಕಡತದಲ್ಲಿ ಸಾಮಾನ್ಯವಾಗಿ ಒಂದು ಸಾಲೂ ಸಿಗುವುದಿಲ್ಲ.

ಹಾಗಾದರೆ ದಾರಿ ಯಾವುದು? ಪ್ಯಾಕೆಟ್‌ಗಳ ಅಳತೆಯನ್ನು ನೋಡುವುದು. ಎರಡೂ ತುದಿಗಳಲ್ಲಿ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಓಡಿಸಿ, ವೈರ್‌ಗಾರ್ಡ್‌ನ ಯುಡಿಪಿ ಪೋರ್ಟ್ ಮೇಲೆ ಕಣ್ಣಿಡಿ. ಸಾಮಾನ್ಯವಾಗಿ ಅದು 51820 ಆಗಿರುತ್ತದೆ. ಎರಡು ತುದಿಗಳು ಪರಸ್ಪರ ಗುರುತು ಹಿಡಿಯುವ ಹ್ಯಾಂಡ್‌ಶೇಕ್ ಆರಂಭಿಸುವ ಪ್ಯಾಕೆಟ್ಟಿನ ಉದ್ದ ಸದಾ 148 ಬೈಟ್, ಅದಕ್ಕೆ ಬರುವ ಉತ್ತರ 92 ಬೈಟ್, ಸಂಪರ್ಕವನ್ನು ಜೀವಂತ ಇಡಲು ಕಳಿಸುವ ಖಾಲಿ ಪ್ಯಾಕೆಟ್ 32 ಬೈಟ್. ಈ ಮೂರು ಅಂಕಿಗಳು ನೆನಪಿನಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಕ್ಲೈಂಟ್ ಕಡೆ 5 ಸೆಕೆಂಡಿಗೊಮ್ಮೆ 148 ಹೊರಗೆ ಹೋಗುತ್ತಲೇ ಇದೆ, ಆದರೆ ಸರ್ವರ್ ಕಡೆ ಏನೂ ಕಾಣುತ್ತಿಲ್ಲ ಎಂದರೆ ಪೋರ್ಟ್, ವಿಳಾಸ ಅಥವಾ ನಡುವಿನ ಫೈರ್‌ವಾಲ್ ನೋಡಿ. ಸರ್ವರ್‌ಗೆ 148 ತಲುಪಿದೆ, 92 ಹೊರಡುತ್ತಿಲ್ಲ ಎಂದರೆ ಮೊದಲು ಸರ್ವರ್‌ನದ್ದೇ ಫೈರ್‌ವಾಲ್ ನೋಡಿ, ಏಕೆಂದರೆ ಟಿಸಿಪಿಡಂಪ್ ಪ್ಯಾಕೆಟ್ಟನ್ನು ಕಾಣುವುದು ಫೈರ್‌ವಾಲ್ ಅದನ್ನು ತಡೆಯುವ ಮುನ್ನವೇ. ಅಲ್ಲಿ ಸರಿಯಿದ್ದರೆ ಕೀಲಿಯನ್ನು ಅನುಮಾನಿಸಿ. 92 ಹೊರಟಿದೆ, ಕ್ಲೈಂಟ್‌ಗೆ ತಲುಪಿಲ್ಲ ಎಂದರೆ ಹಿಂದಿರುಗುವ ದಾರಿ ಕೆಟ್ಟಿದೆ. ಲಾಗ್ ಇಲ್ಲದೆಯೇ ಇಷ್ಟು ಖಚಿತವಾಗಿ ದೋಷದ ಜಾಗ ತೋರಿಸುವ ಇನ್ನೊಂದು ವಿಪಿಎನ್ ನನಗೆ ಗೊತ್ತಿಲ್ಲ.

ಕೀಲಿಗಳು ಸರಿಯಿದ್ದರೂ 92 ಹೊರಡದ ಒಂದು ಸಂದರ್ಭವಿದೆ. ಹಳೆಯ ಪ್ಯಾಕೆಟ್ಟನ್ನು ಯಾರಾದರೂ ಹಿಡಿದಿಟ್ಟು ಮತ್ತೆ ಕಳಿಸದಿರಲೆಂದು ಪ್ರತಿ ಹ್ಯಾಂಡ್‌ಶೇಕ್‌ನಲ್ಲೂ ಸಮಯದ ಮುದ್ರೆ ಇರುತ್ತದೆ. ಹಿಂದೆ ಕಂಡ ಸಮಯಕ್ಕಿಂತ ಮುಂದಿನದ್ದನ್ನು ಮಾತ್ರ ಆಚೆ ತುದಿ ಒಪ್ಪುತ್ತದೆ. ಬ್ಯಾಟರಿ ಗಡಿಯಾರವಿಲ್ಲದ ಸಣ್ಣ ಬೋರ್ಡ್ ಕರೆಂಟ್ ಹೋಗಿ ಬಂದಾಗ ಹಳೆಯ ದಿನಾಂಕದೊಂದಿಗೆ ಏಳುತ್ತದೆ, ಸರ್ವರ್ ಅದರ ಹ್ಯಾಂಡ್‌ಶೇಕ್ ತಿರಸ್ಕರಿಸುತ್ತದೆ. ಗಡಿಯಾರ ಸರಿಪಡಿಸುವ ಎನ್‌ಟಿಪಿ ಕೂಡ ಟನಲ್ ಮೂಲಕವೇ ಹೋಗುವಂತಿದ್ದರೆ ಗಂಟು ಬಿಡುವುದೇ ಇಲ್ಲ: ಟನಲ್ ಏಳಲು ಸಮಯ ಸರಿಯಿರಬೇಕು, ಸಮಯ ಸರಿಯಾಗಲು ಟನಲ್ ಬೇಕು. ಅಂಥ ಸಾಧನಗಳಲ್ಲಿ ಎನ್‌ಟಿಪಿಯನ್ನು ಟನಲ್‌ನ ಹೊರಗೆ ಬಿಡಿ.

ಇನ್ನೊಂದು ಕಡೆ ಎಚ್ಚರ ಬೇಕಾದ್ದು ‘ಅಲೌಡ್‌ಐಪೀಸ್’ ಎಂಬ ಸಾಲು. ಹೊರಗೆ ಹೋಗುವಾಗ ಅದು ಯಾವ ವಿಳಾಸ ಯಾವ ಪೀರ್‌ಗೆ (ಟನಲ್‌ನ ಆಚೆ ತುದಿಯ ಸಾಧನಕ್ಕೆ) ಎಂದು ತೀರ್ಮಾನಿಸುತ್ತದೆ, ಒಳಗೆ ಬರುವಾಗ ಅದೇ ಸಾಲು ಯಾರಿಗೆ ಯಾವ ವಿಳಾಸದಿಂದ ಮಾತನಾಡಲು ಅನುಮತಿ ಎಂದೂ ಹೇಳುತ್ತದೆ. ಒಂದು ಇಂಟರ್‌ಫೇಸ್‌ನಲ್ಲಿ (ಯಂತ್ರದಲ್ಲಿ ಟನಲ್ ತೆರೆಯುವ ಬಾಯಿಯಲ್ಲಿ) ಒಂದು ವಿಳಾಸ ವ್ಯಾಪ್ತಿ ಒಬ್ಬ ಪೀರ್‌ಗೆ ಮಾತ್ರ ಸೇರುತ್ತದೆ. ಹೊಸ ಪೀರ್ ಸೇರಿಸುವಾಗ ಹಳೆಯವನ ಸಾಲನ್ನು ನಕಲಿಸಿ ಅಂಕಿ ಬದಲಿಸಲು ಮರೆತರೆ ವಿಳಾಸ ಹೊಸಬನ ಪಾಲಾಗುತ್ತದೆ, ಹಳೆಯವನ ಸಂಪರ್ಕ ಯಾವ ಸೂಚನೆಯೂ ಇಲ್ಲದೆ ಸಾಯುತ್ತದೆ. ‘ಡಬ್ಲ್ಯೂಜಿ ಶೋ’ ಆದೇಶ ಕೊಟ್ಟು ನೋಡಿದರೆ ಹಳೆಯ ಪೀರ್‌ನ ಮುಂದೆ ಆ ಜಾಗ ಖಾಲಿ ಕಾಣುತ್ತದೆ. ಆಚೆ ತುದಿ ಉತ್ತರಿಸುತ್ತದೆಯೇ ಎಂದು ಪಿಂಗ್ ಮಾಡಿದಾಗ ‘ರಿಕ್ವೈರ್ಡ್ ಕೀ ನಾಟ್ ಅವೈಲೇಬಲ್’ ಎಂಬ ಸಂದೇಶ ಬಂದರೆ ಕೀಲಿಗಳನ್ನು ಅನುಮಾನಿಸಬೇಡಿ. ಆ ವಿಳಾಸ ಯಾವ ಪೀರ್‌ನ ಪಟ್ಟಿಯಲ್ಲೂ ಇಲ್ಲ ಎಂಬುದು ಅದರ ಅರ್ಥ. ‘ಡೆಸ್ಟಿನೇಷನ್ ಅಡ್ರೆಸ್ ರಿಕ್ವೈರ್ಡ್’ ಎಂದು ಬಂದರೆ ಪೀರ್ ಸಿಕ್ಕಿದ್ದಾನೆ, ಆದರೆ ಅವನು ಹೊರಜಗತ್ತಿನಲ್ಲಿ ಎಲ್ಲಿದ್ದಾನೆಂದು ತಿಳಿದಿಲ್ಲ ಎಂದರ್ಥ.

ಆಚೆ ತುದಿಯನ್ನು ಡೊಮೇನ್ ಹೆಸರಿನಿಂದ ಕೊಟ್ಟಿದ್ದರೆ ಅದನ್ನು ಐಪಿ ವಿಳಾಸವಾಗಿ ಬದಲಿಸುವುದು ಇಂಟರ್‌ಫೇಸ್ ಏಳುವಾಗ ಒಮ್ಮೆ ಮಾತ್ರ. ನಂತರ ಐಪಿ ಬದಲಾದರೂ ವೈರ್‌ಗಾರ್ಡ್ ಹಳೆಯದಕ್ಕೇ ಕಳಿಸುತ್ತಿರುತ್ತದೆ. ಮನೆಬಳಕೆಯ ಸಂಪರ್ಕಗಳಲ್ಲಿ ವಾರಗಟ್ಟಲೆ ನಡೆದ ಟನಲ್ ಒಂದು ಬೆಳಿಗ್ಗೆ ನಿಂತಿತೆಂದರೆ ನಾನು ಮೊದಲು ನೋಡುವುದು ಇದನ್ನೇ. ಹೆಸರನ್ನು ಆಗಾಗ ಮತ್ತೆ ಹುಡುಕುವ ಸಣ್ಣ ಸ್ಕ್ರಿಪ್ಟ್ ವೈರ್‌ಗಾರ್ಡ್‌ನ ಪರಿಕರಗಳ ಜೊತೆಯಲ್ಲೇ ಇದೆ, ಟೈಮರ್‌ಗೆ ಹಚ್ಚಿಬಿಡಿ.

ಮತ್ತೆ ವೈರ್‌ಗಾರ್ಡ್‌ನಲ್ಲಿ ಇಲ್ಲದ್ದೇನು? ಬಳಕೆದಾರನ ಹೆಸರಿಲ್ಲ, ಗುಪ್ತಪದವಿಲ್ಲ, ವಿಳಾಸ ತಾನಾಗಿ ಹಂಚುವುದಿಲ್ಲ, ಯಾರು ಯಾವಾಗ ಬಂದರು ಹೋದರು ಎಂಬ ದಾಖಲೆಯಿಲ್ಲ. ಎಲ್ಲವೂ ಯುಡಿಪಿಯಲ್ಲೇ. ಪ್ಯಾಕೆಟ್ ತಲುಪಿತೇ ಎಂದು ನೋಡಿ, ತಲುಪದಿದ್ದರೆ ಮತ್ತೆ ಕಳಿಸುವ ಟಿಸಿಪಿ ಇಲ್ಲವೇ ಇಲ್ಲ. ಹತ್ತು ಸರ್ವರ್‌ಗಳಿಗೆ ಇವು ಕೊರತೆ ಎನಿಸುವುದಿಲ್ಲ. ಇನ್ನೂರು ನೌಕರರಿಗೆ ಪ್ರತಿಯೊಂದೂ ತಲೆನೋವು.

ಓಪನ್‌ವಿಪಿಎನ್: ಮಾತು ಹೆಚ್ಚು, ಆದರೆ ಉಪಯೋಗದ ಮಾತು

ಜೇಮ್ಸ್ ಯೋನನ್ 2001ರಲ್ಲಿ ಮೊದಲು ಬಿಡುಗಡೆ ಮಾಡಿದ ಓಪನ್‌ವಿಪಿಎನ್ ಈಗ ಹಳೆಯದೆಂದು ಮೂಗು ಮುರಿಯುವವರಿದ್ದಾರೆ. ನಾನು ಆ ಮಾತನ್ನು ಒಪ್ಪುವುದಿಲ್ಲ. ಅದರ ಲಾಗ್ ಒಮ್ಮೆ ಓದಿ ನೋಡಿ. ಬಳಕೆದಾರನ ಗುರುತಿನ ಚೀಟಿಯಂಥ ಸರ್ಟಿಫಿಕೇಟ್ ಒಂದನ್ನೇ ಇಬ್ಬರು ಬಳಸುತ್ತಿದ್ದಾರೆ ಎಂದುಕೊಳ್ಳಿ. ಒಬ್ಬರು ಸೇರಿದಾಗ ಇನ್ನೊಬ್ಬರು ಹೊರಬೀಳುತ್ತಾರೆ, ಅವರು ಮತ್ತೆ ಸೇರಿದಾಗ ಇವರು ಹೊರಬೀಳುತ್ತಾರೆ. ಹೊಸ ಸಂಪರ್ಕದಿಂದಾಗಿ ಇದೇ ಕ್ಲೈಂಟ್‌ನ ಹಿಂದಿನ ಸಂಪರ್ಕ ಕಡಿದುಹೋಗುತ್ತದೆ ಎಂದು ಸರ್ವರ್‌ನ ಲಾಗ್ ನೇರವಾಗಿ ಬರೆಯುತ್ತದೆ. ವೈರ್‌ಗಾರ್ಡ್‌ನಲ್ಲಿ ಒಂದೇ ಕೀಲಿ ಎರಡು ಸಾಧನಗಳಿಗೆ ಹೋದರೆ ಇಂಥ ಸಾಲು ಸಿಗುವುದಿಲ್ಲ. ಆ ಪೀರ್‌ನ ಹೊರವಿಳಾಸ ಅತ್ತಿತ್ತ ಹೊಯ್ದಾಡುವುದನ್ನು ನೀವೇ ಕೂತು ಗಮನಿಸಬೇಕು.

ಇನ್ನೊಂದು ಉದಾಹರಣೆ. ಕ್ಲೈಂಟ್‌ನ ಹಿಂದೆ ಒಂದು ಇಡೀ ನೆಟ್‌ವರ್ಕ್ ಇದೆ, ಅಲ್ಲಿಂದ ಬರುವ ಪ್ಯಾಕೆಟ್‌ಗಳು ಸರ್ವರ್‌ನಲ್ಲಿ ಮಾಯವಾಗುತ್ತಿವೆ. ಲಾಗ್‌ನಲ್ಲಿ ‘ಬ್ಯಾಡ್ ಸೋರ್ಸ್ ಅಡ್ರೆಸ್ ಫ್ರಮ್ ಕ್ಲೈಂಟ್’ ಎಂಬ ಸಾಲು, ಪಕ್ಕದಲ್ಲೇ ಆ ವಿಳಾಸ. ಅಂದರೆ ಸರ್ವರ್‌ನಲ್ಲಿರುವ ಆ ಕ್ಲೈಂಟ್‌ನ ಕಡತದಲ್ಲಿ, ಅದರ ಹಿಂದೆ ಯಾವ ನೆಟ್‌ವರ್ಕ್ ಇದೆ ಎಂದು ತಿಳಿಸುವ ‘ಐರೂಟ್’ ಸಾಲು ಬಿಟ್ಟುಹೋಗಿದೆ. ಲಾಗ್‌ನ ವಿವರದ ಮಟ್ಟವನ್ನು 4ಕ್ಕೆ ಇಟ್ಟರೆ ಸಾಕು, ಬಹುಪಾಲು ದೋಷಗಳು ತಾವಾಗಿ ಬಾಯಿ ಬಿಡುತ್ತವೆ. ‘60 ಸೆಕೆಂಡಿನಲ್ಲಿ ಟಿಎಲ್‌ಎಸ್ ಮಾತುಕತೆ ಮುಗಿಯಲಿಲ್ಲ’ ಎಂಬ ಪ್ರಸಿದ್ಧ ದೋಷ ಮಾತ್ರ ಮೋಸ ಮಾಡುತ್ತದೆ. ಅದು ಸರ್ಟಿಫಿಕೇಟ್ ಸಮಸ್ಯೆಯಂತೆ ಕಾಣಿಸುತ್ತದೆ, ಆದರೆ ಬಹುತೇಕ ಸಲ ಪ್ಯಾಕೆಟ್ ಸರ್ವರ್‌ಗೆ ತಲುಪಿರುವುದೇ ಇಲ್ಲ.

ಸರ್ಟಿಫಿಕೇಟ್‌ಗಳು ಓಪನ್‌ವಿಪಿಎನ್‌ನ ಬಲ. ನೌಕರನೊಬ್ಬ ಕೆಲಸ ಬಿಟ್ಟರೆ ಅವನದ್ದನ್ನು ರದ್ದು ಮಾಡಿ, ರದ್ದಾದವರ ಪಟ್ಟಿಯನ್ನು (ಸಿಆರ್‌ಎಲ್) ಸರ್ವರ್‌ಗೆ ಕೊಟ್ಟರಾಯಿತು. ಆದರೆ ಆ ಪಟ್ಟಿಗೂ ಆಯುಷ್ಯವಿದೆ. ಸರ್ಟಿಫಿಕೇಟ್ ತಯಾರಿಸುವ ಈಸಿ-ಆರ್‌ಎಸ್‌ಎ ಪರಿಕರದಲ್ಲಿ ನಾವೇನೂ ಬದಲಿಸದಿದ್ದರೆ ಅದು 180 ದಿನ. ಅವಧಿ ಮುಗಿದ ಕ್ಷಣದಿಂದ ಸರ್ವರ್ ಯಾರನ್ನೂ ನಂಬುವುದಿಲ್ಲ, ಎಲ್ಲ ಬಳಕೆದಾರರೂ ಒಟ್ಟಿಗೇ ಹೊರಗುಳಿಯುತ್ತಾರೆ. ಯಾರೂ ಏನನ್ನೂ ಮುಟ್ಟಿಲ್ಲ, ಆದರೂ ಬೆಳಗಾಗುವಷ್ಟರಲ್ಲಿ ಎಲ್ಲರ ಸಂಪರ್ಕ ಹೋಗಿದೆ ಎಂಬ ದೂರು ಬಂದರೆ ಸರ್ವರ್ ಲಾಗ್‌ನಲ್ಲಿ ‘ಸಿಆರ್‌ಎಲ್ ಹ್ಯಾಸ್ ಎಕ್ಸ್‌ಪೈರ್ಡ್’ ಎಂದು ಹುಡುಕಿ. ಪಟ್ಟಿಯನ್ನು ಹೊಸದಾಗಿ ತಯಾರಿಸುವ ಕೆಲಸವನ್ನು, ನಿಗದಿತ ಹೊತ್ತಿಗೆ ಆದೇಶ ನಡೆಸುವ ಕ್ರಾನ್‌ಗೆ ಒಪ್ಪಿಸದೆ ಓಪನ್‌ವಿಪಿಎನ್ ನಡೆಸುವುದು ಬೇಡ ಎಂದೇ ನಾನು ಹೇಳುತ್ತೇನೆ. ಜೊತೆಗೆ ಸರ್ವರ್‌ನದ್ದೇ ಸರ್ಟಿಫಿಕೇಟ್ ಯಾವ ದಿನ ಮುಗಿಯುತ್ತದೆ ಎಂಬುದನ್ನೂ ನಿಗಾ ವ್ಯವಸ್ಥೆಗೆ ಸೇರಿಸಿ.

ಯುಡಿಪಿಯನ್ನೇ ತಡೆಯುವ ಹೋಟೆಲ್, ಆಸ್ಪತ್ರೆ, ವಿಮಾನ ನಿಲ್ದಾಣಗಳ ವೈಫೈಯಲ್ಲಿ ಓಪನ್‌ವಿಪಿಎನ್ ಟಿಸಿಪಿ 443ರ ಮೂಲಕ ನುಸುಳಬಲ್ಲದು. ಇದು ವೈರ್‌ಗಾರ್ಡ್‌ಗೆ ಸ್ವತಃ ಸಾಧ್ಯವಿಲ್ಲ. ಆದರೆ ಟಿಸಿಪಿಯನ್ನು ಮೊದಲ ಆಯ್ಕೆಯಾಗಿ ಇಡಬೇಡಿ. ಟಿಸಿಪಿಯೊಳಗೆ ಟಿಸಿಪಿ ಓಡಿದಾಗ ಒಂದು ಪ್ಯಾಕೆಟ್ ಕಳೆದುಹೋದರೂ ಒಳಗಿನದ್ದೂ ಹೊರಗಿನದ್ದೂ ಎರಡೂ ಅದನ್ನು ಮತ್ತೆ ಕಳಿಸಲು ಹೊರಡುತ್ತವೆ, ದುರ್ಬಲ ಸಂಪರ್ಕದಲ್ಲಿ ಎಲ್ಲವೂ ಕುಸಿಯುತ್ತದೆ. ಕ್ಲೈಂಟ್ ಕಡತದಲ್ಲಿ ಮೊದಲು ಯುಡಿಪಿ 1194, ಅದು ಸಿಗದಿದ್ದರೆ ಟಿಸಿಪಿ 443 ಎಂದು ಎರಡು ‘ರಿಮೋಟ್’ ಸಾಲುಗಳನ್ನು ಬರೆದರೆ ಸರಿ.

ವೇಗದ ದೂರು ಹಿಂದೆ ನಿಜವಾಗಿತ್ತು. ಪ್ರತಿ ಪ್ಯಾಕೆಟ್ಟೂ ಕರ್ನಲ್‌ನಿಂದ ಹೊರಬಂದು ಮತ್ತೆ ಒಳಹೋಗಬೇಕಿತ್ತು. 2023ರಲ್ಲಿ ಬಂದ 2.6ನೇ ಆವೃತ್ತಿ ದತ್ತಾಂಶದ ಕೆಲಸವನ್ನು ಕರ್ನಲ್‌ಗೆ ಒಪ್ಪಿಸುವ ವ್ಯವಸ್ಥೆಯನ್ನು ತಂದಿತು. ಆಗ ಅದಕ್ಕೆ ಬೇಕಾದ ಮಾಡ್ಯೂಲನ್ನು ಪ್ರತ್ಯೇಕವಾಗಿ ಹಾಕಬೇಕಿತ್ತು. 2025ರಲ್ಲಿ ಲಿನಕ್ಸ್ 6.16ರ ಒಳಗೇ ಅಂಥ ಮಾಡ್ಯೂಲ್ ಸೇರಿದೆ, ಅದನ್ನು ಬಳಸಲು ಓಪನ್‌ವಿಪಿಎನ್ 2.7 ಬೇಕು.

ಐಪಿಸೆಕ್: ಆಚೆ ತುದಿ ನಿಮ್ಮದಲ್ಲದಾಗ

ಸ್ಟ್ರಾಂಗ್‌ಸ್ವಾನ್ ಅಥವಾ ಲಿಬ್ರೆಸ್ವಾನ್ ತಂತ್ರಾಂಶ ಬಳಸಿ ಐಪಿಸೆಕ್ ಕಟ್ಟುವುದು ಪ್ರೀತಿಯಿಂದ ಆರಿಸಿಕೊಳ್ಳುವ ಕೆಲಸವಲ್ಲ. ಆದರೆ ಬೇರೆ ಬೇರೆ ಕಂಪನಿಗಳ ಸಾಧನಗಳಿಗೆ ಗೊತ್ತಿರುವ ಒಂದೇ ಸಮಾನ ಭಾಷೆ ಅದು. ವಿಂಡೋಸ್, ಮ್ಯಾಕ್, ಐಫೋನ್‌ಗಳಲ್ಲಿ ಬೇರೆ ತಂತ್ರಾಂಶ ಹಾಕದೆಯೇ ಐಕೆಇವಿ2, ಅಂದರೆ ಐಪಿಸೆಕ್‌ನ ಕೀಲಿ ಒಪ್ಪಂದದ ವಿಧಾನ, ನಡೆಯುತ್ತದೆ. ಗೂಢಲಿಪಿಗೆ ಅಮೆರಿಕ ಸರ್ಕಾರ ಹಾಕಿದ ಫಿಪ್ಸ್ ಮಾನದಂಡವನ್ನು ಪಾಲಿಸಲೇಬೇಕಾದ ಸಂಸ್ಥೆಗಳಿಗೆ ವೈರ್‌ಗಾರ್ಡ್‌ನ ಗೂಢಲಿಪಿ ಒಪ್ಪಿಗೆಯಾಗುವುದಿಲ್ಲ, ಎಇಎಸ್ ಎಂಬ ಗೂಢಲಿಪಿ ಬಳಸುವ ಐಪಿಸೆಕ್ ಆಗಬಲ್ಲದು.

ಇದರ ದೋಷಗಳು ಬಾಯಿ ಬಿಡುತ್ತವೆ, ಆದರೆ ಅರ್ಧ ಮಾತ್ರ. ‘ನೋ ಪ್ರೊಪೋಸಲ್ ಚೋಸನ್’ ಎಂದರೆ ಗೂಢಲಿಪಿಯ ಆಯ್ಕೆ ಹೊಂದುತ್ತಿಲ್ಲ. ‘ಟಿಎಸ್ ಅನ್‌ಆಕ್ಸೆಪ್ಟಬಲ್’ ಎಂದರೆ ಯಾವ ನೆಟ್‌ವರ್ಕ್‌ನಿಂದ ಯಾವುದಕ್ಕೆ ಎಂಬ ಪಟ್ಟಿ ಎರಡು ಕಡೆ ಬೇರೆ ಬೇರೆ ಇದೆ. ಸಂದೇಶ ಇಷ್ಟಕ್ಕೇ ನಿಲ್ಲುತ್ತದೆ. ಆಚೆಯವರು ಏನನ್ನು ನಿರೀಕ್ಷಿಸಿದ್ದರು ಎಂಬುದು ಅವರ ಲಾಗ್‌ನಲ್ಲಿರುತ್ತದೆ, ಅದು ನಿಮ್ಮ ಕೈಗೆ ಸಿಗುವುದಿಲ್ಲ. ಆದ್ದರಿಂದ ಕೆಲಸ ಶುರು ಮಾಡುವ ಮುನ್ನ ಎರಡೂ ತಂಡಗಳು ಒಂದೇ ಕಾಗದದ ಮೇಲೆ ಎಲ್ಲ ಆಯ್ಕೆಗಳನ್ನೂ ಬರೆದು ಒಪ್ಪಿಕೊಳ್ಳಬೇಕು, ಮೌಖಿಕ ಒಪ್ಪಂದ ಸಾಲದು.

ಆ ಕಾಗದದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಸಾಲಿದೆ, ಅದರಿಂದ ಹುಟ್ಟುವ ದೋಷ ಐಪಿಸೆಕ್‌ನಲ್ಲೇ ಅತಿ ವಿಚಿತ್ರ. ಟನಲ್ ಏಳುತ್ತದೆ, ದತ್ತಾಂಶ ಹರಿಯುತ್ತದೆ, ಎಲ್ಲರೂ ಖುಷಿಯಿಂದ ಕೈಕುಲುಕಿ ಹೋಗುತ್ತಾರೆ. ಸುಮಾರು ಒಂದು ಗಂಟೆಯ ನಂತರ ನಿಲ್ಲುತ್ತದೆ. ಮತ್ತೆ ಶುರು ಮಾಡಿದರೆ ಇನ್ನೊಂದು ಗಂಟೆ ನಡೆಯುತ್ತದೆ. ಕಾರಣ ಇದು: ಐಕೆಇವಿ2ನಲ್ಲಿ ದತ್ತಾಂಶ ಸಾಗಿಸುವ ಮೊದಲ ಜೋಡಣೆಗೆ ಪ್ರತ್ಯೇಕ ಡಿಫೀ-ಹೆಲ್‌ಮನ್ (ಡಿಎಚ್) ಕೀಲಿ ವಿನಿಮಯ ನಡೆಯುವುದಿಲ್ಲ, ಮುಖ್ಯ ಜೋಡಣೆಯ ಕೀಲಿಯಿಂದಲೇ ಅದರ ಕೀಲಿ ಹುಟ್ಟುತ್ತದೆ. ಹಾಗಾಗಿ ಬಿಟ್ಟುಹೋದ ಆ ಸಾಲು, ಅಂದರೆ ಡಿಎಚ್ ಗುಂಪಿನ ಹೆಸರು, ಎರಡು ಕಡೆ ಬೇರೆಯಾಗಿದ್ದರೂ ಆರಂಭದಲ್ಲಿ ಗೊತ್ತಾಗುವುದಿಲ್ಲ. ಕೀಲಿ ಬದಲಿಸುವ ಹೊತ್ತು ಬಂದಾಗ ಮೊದಲ ಸಲ ಆ ಗುಂಪು ಬೇಕಾಗುತ್ತದೆ, ಆಗ ‘ನೋ ಪ್ರೊಪೋಸಲ್ ಚೋಸನ್’. ಸ್ಟ್ರಾಂಗ್‌ಸ್ವಾನ್‌ನಲ್ಲಿ ನೀವೇನೂ ಬರೆಯದಿದ್ದರೆ ಆ ಹೊತ್ತು ಸುಮಾರು 1 ಗಂಟೆ. ಇದಕ್ಕೆ ಕಾಯಬೇಕಿಲ್ಲ. ಟನಲ್ ಎದ್ದ ಕೂಡಲೇ ‘ಸ್ವಾನ್‌ಸಿಟಿಎಲ್’ನ ರೀಕೀ ಆದೇಶ ಕೊಟ್ಟು ಕೀಲಿ ಬದಲಾವಣೆಯನ್ನು ನೀವೇ ಬಲವಂತವಾಗಿ ನಡೆಸಿ. ಅದು ದಾಟಿದ ಮೇಲೆಯೇ ಆಚೆಯ ತಂಡದವರನ್ನು ಕಳಿಸಿಕೊಡಿ.

ರೂಟ್ ಪಟ್ಟಿಯನ್ನು ನೋಡುವ ಅಭ್ಯಾಸ ಇರುವವರಿಗೆ ಐಪಿಸೆಕ್ ಇನ್ನೊಂದು ಬಗೆಯಲ್ಲಿ ದಾರಿ ತಪ್ಪಿಸುತ್ತದೆ. ಹಳೆಯ ಪದ್ಧತಿಯ ಜೋಡಣೆಯಲ್ಲಿ ಟನಲ್‌ಗೆ ಇಂಟರ್‌ಫೇಸ್ ಇರುವುದೇ ಇಲ್ಲ. ಯಾವ ಪ್ಯಾಕೆಟ್ಟಿಗೆ ಗೂಢಲಿಪಿ ಎಂದು ತೀರ್ಮಾನಿಸುವ ಕರ್ನಲ್‌ನ ‘ಎಕ್ಸ್‌ಫಾರ್ಮ್’ ನೀತಿಗಳಲ್ಲಿ ಎಲ್ಲವೂ ಅಡಗಿರುತ್ತದೆ, ಆ ಪಟ್ಟಿಯನ್ನೇ ತೆಗೆಸಿ ನೋಡಬೇಕು. ಹೊರಹೋಗುವ ಪ್ಯಾಕೆಟ್ಟಿಗೆ ಸರ್ವರ್‌ನ ವಿಳಾಸವನ್ನೇ ಹಚ್ಚುವ ಮಾಸ್ಕರೇಡ್ ನಿಯಮ ಸರ್ವರ್‌ನಲ್ಲಿದ್ದರೆ ಪ್ಯಾಕೆಟ್ಟಿನ ಮೂಲ ವಿಳಾಸ ಮೊದಲೇ ಬದಲಾಗಿ, ನೀತಿಗೆ ಹೊಂದದೆ, ಗೂಢಲಿಪಿಯಿಲ್ಲದೆ ನೇರ ಇಂಟರ್ನೆಟ್‌ಗೆ ಹೊರಟುಬಿಡುತ್ತದೆ. ಐಪಿಸೆಕ್‌ನ ದಟ್ಟಣೆಯನ್ನು ಆ ನಿಯಮದಿಂದ ಹೊರಗಿಡುವ ಸಾಲು ಅದಕ್ಕಿಂತ ಮೇಲೆ ಇರಲೇಬೇಕು. ಹೊಸದಾಗಿ ಕಟ್ಟುವವರು ಕರ್ನಲ್ 4.19ರಿಂದ ಲಭ್ಯವಿರುವ ಎಕ್ಸ್‌ಫಾರ್ಮ್ ಇಂಟರ್‌ಫೇಸನ್ನೇ ಬಳಸಲಿ. ಆಗ ಟನಲ್ ಉಳಿದ ಇಂಟರ್‌ಫೇಸ್‌ಗಳಂತೆಯೇ ಕಾಣುತ್ತದೆ, ಟಿಸಿಪಿಡಂಪ್ ಕೂಡ ಅರ್ಥವಾಗುತ್ತದೆ.

ಜೋಡಣೆ ಎದ್ದಿದೆ, ದತ್ತಾಂಶ ಮಾತ್ರ ಒಂದು ಬೈಟೂ ಹೋಗುತ್ತಿಲ್ಲ ಎಂದರೆ ನಡುವಿನ ಫೈರ್‌ವಾಲ್ ಯುಡಿಪಿ 500 ಮತ್ತು 4500ನ್ನು ದಾಟಲು ಬಿಟ್ಟು, ದತ್ತಾಂಶ ಹೊರುವ ಇಎಸ್‌ಪಿ ಎಂಬ 50ನೇ ಪ್ರೋಟೊಕಾಲನ್ನು ಮಾತ್ರ ತಡೆದಿರಬಹುದು. ಸ್ಟ್ರಾಂಗ್‌ಸ್ವಾನ್‌ನಲ್ಲಿ ‘ಎನ್‌ಕ್ಯಾಪ್’ ಆಯ್ಕೆ ಹಾಕಿದರೆ ಎಲ್ಲವೂ ಯುಡಿಪಿ 4500ರ ಒಳಗೇ ಹೋಗುತ್ತದೆ.

ಯಾವುದನ್ನು ಆರಿಸಿದರೂ ತಪ್ಪದ್ದು

ದೂರದ ಯಂತ್ರಕ್ಕೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಶುರುವಾಗಿ ಕೀಲಿ ವಿನಿಮಯದ ಹಂತದಲ್ಲಿ ಸ್ತಬ್ಧವಾಗುತ್ತದೆ. ಪಿಂಗ್ ಸಲೀಸಾಗಿ ಹೋಗುತ್ತದೆ. ಸಣ್ಣ ಪುಟ ತೆರೆಯುತ್ತದೆ, ದೊಡ್ಡದು ತೆರೆಯುವುದಿಲ್ಲ. ಈ ಲಕ್ಷಣಗಳು ಒಟ್ಟಿಗೆ ಕಂಡರೆ ಅದು ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಅಳತೆಯ ಸಮಸ್ಯೆ. ವಿಪಿಎನ್ ಬದಲಿಸಿದರೆ ಹೋಗುವ ಕಾಯಿಲೆಯಲ್ಲ.

ವೈರ್‌ಗಾರ್ಡ್‌ನ ಲೆಕ್ಕ ಸರಳವಾದ್ದರಿಂದ ಅದನ್ನೇ ತೆಗೆದುಕೊಳ್ಳೋಣ. ಹೊರಗಿನ ಸಂಪರ್ಕ ಐಪಿವಿ4 ಆದರೆ ಪ್ರತಿ ಪ್ಯಾಕೆಟ್ಟಿಗೆ 60 ಬೈಟ್ ಹೆಚ್ಚುವರಿ ಹೊದಿಕೆ, ಐಪಿವಿ6 ಆದರೆ 80. ಅದಕ್ಕೇ ಸಾಮಾನ್ಯ ಮಿತಿಯಾದ 1500ರಲ್ಲಿ 80 ಕಳೆದು 1420 ಎಂದು ಇಡುತ್ತಾರೆ. ಈಗ ಹೊರಗಿನ ಸಂಪರ್ಕ ಕೆಲವು ಬ್ರಾಡ್‌ಬ್ಯಾಂಡ್‌ಗಳಲ್ಲಿರುವ ಪಿಪಿಪಿಒಇ ಆಗಿದ್ದರೆ ಅದರ ಮಿತಿಯೇ 1492. ಐಪಿವಿ4 ಮೇಲೆ 1420 ಇನ್ನೂ ನಡೆಯುತ್ತದೆ, ಏಕೆಂದರೆ 1480 ಆಯಿತು. ಐಪಿವಿ6 ಮೇಲೆ 1500 ಆಗಿ ಮಿತಿ ಮೀರುತ್ತದೆ, 1412ಕ್ಕೆ ಇಳಿಸಬೇಕು. ಒಂದು ದಿನ ನಡೆದು ಇನ್ನೊಂದು ದಿನ ನಡೆಯದ ಟನಲ್‌ಗಳ ಹಿಂದೆ ಹಲವು ಸಲ ಇರುವುದು ಇಷ್ಟೇ: ಆಚೆಯ ಹೆಸರು ಇಂದು ಐಪಿವಿ6 ವಿಳಾಸ ಕೊಟ್ಟಿದೆ. ಒಡೆಯಬಾರದೆಂಬ ಸೂಚನೆಯೊಂದಿಗೆ 1392 ಬೈಟ್‌ನ ಪಿಂಗ್ ಟನಲ್ ಮೂಲಕ ಕಳಿಸಿ. ಅದಕ್ಕೆ 28 ಸೇರಿದರೆ ಸರಿಯಾಗಿ 1420. ಉತ್ತರ ಬರದಿದ್ದರೆ ಬರುವವರೆಗೆ ಇಳಿಸುತ್ತಾ ಹೋಗಿ. ಮುಂದಕ್ಕೆ ಹೋಗುವ ಟಿಸಿಪಿ ಸಂಪರ್ಕಗಳ ಎಂಎಸ್‌ಎಸ್ (ಒಂದು ಪ್ಯಾಕೆಟ್ಟಿನಲ್ಲಿ ಹೋಗುವ ದತ್ತಾಂಶದ ಅಳತೆ) ಅನ್ನು ಫೈರ್‌ವಾಲ್‌ನಲ್ಲೇ ಮಿತಿಗೊಳಿಸಿದರೆ ಬಳಕೆದಾರರ ಯಂತ್ರಗಳನ್ನು ಮುಟ್ಟಬೇಕಾಗುವುದಿಲ್ಲ. ಜಾಲದ ಸೂಚನೆಗಳನ್ನು ಒಯ್ಯುವ ಐಸಿಎಂಪಿಯನ್ನು ಪೂರ್ತಿ ತಡೆಯುವ ಫೈರ್‌ವಾಲ್ ಕಂಡಲ್ಲಿ ಅದನ್ನು ಸಡಿಲಿಸಿ. ಪ್ಯಾಕೆಟ್ ದೊಡ್ಡದಾಯಿತೆಂದು ತಿಳಿಸುವ ಸಂದೇಶವನ್ನೇ ಅದು ನುಂಗಿಹಾಕುತ್ತಿರುತ್ತದೆ.

ಉಳಿದಂತೆ ಐಪಿ ಫಾರ್ವರ್ಡಿಂಗ್ (ಬೇರೆಯವರ ಪ್ಯಾಕೆಟ್ಟನ್ನು ಮುಂದಕ್ಕೆ ದಾಟಿಸುವ ಅನುಮತಿ), ಆಚೆಯ ನೆಟ್‌ವರ್ಕ್‌ನಲ್ಲಿ ಹಿಂದಿರುಗುವ ರೂಟ್, ಆರ್‌ಪಿ ಫಿಲ್ಟರ್ (ನಿರೀಕ್ಷಿಸದ ದಾರಿಯಿಂದ ಬಂದ ಪ್ಯಾಕೆಟ್ಟನ್ನು ತಡೆಯುವ ಕರ್ನಲ್ ನಿಯಮ): ಈ ಮೂರನ್ನು ಇದೇ ಕ್ರಮದಲ್ಲಿ ನೋಡಿ. ಹ್ಯಾಂಡ್‌ಶೇಕ್ ಆಗಿ ಪಿಂಗ್ ಮಾತ್ರ ಬಾರದಿದ್ದರೆ ಬಹುತೇಕ ಇವುಗಳಲ್ಲಿ ಒಂದು.

ಒಬ್ಬರೇ ಒಬ್ಬರು ಒಂದೇ ಒಂದು ಡೇಟಾಬೇಸ್ ಮುಟ್ಟಬೇಕಿದ್ದರೆ ಎಸ್‌ಎಸ್‌ಎಚ್ ಪೋರ್ಟ್ ಫಾರ್ವರ್ಡಿಂಗ್ ಸಾಕು, ವಿಪಿಎನ್ ಬೇಡ. ನೂರಾರು ಯಂತ್ರಗಳು ಒಂದಕ್ಕೊಂದು ನೇರವಾಗಿ ಮಾತನಾಡಬೇಕಿದ್ದರೆ ವೈರ್‌ಗಾರ್ಡ್ ಕೀಲಿಗಳನ್ನು ಕೈಯಲ್ಲಿ ಹಂಚುವುದು ಅಸಾಧ್ಯ. ಆಗ ನೆಟ್‌ಬರ್ಡ್, ಹೆಡ್‌ಸ್ಕೇಲ್‌ನಂಥ ನಿರ್ವಹಣಾ ಪದರಗಳನ್ನು ನೋಡಿ. ಅವು ಬಂದರೆ ದೋಷ ಹುಡುಕಬೇಕಾದ ಜಾಗವೂ ಒಂದು ಹೆಚ್ಚುತ್ತದೆ.

ಒಂದರಿಂದ ಇನ್ನೊಂದಕ್ಕೆ ಹೋಗುವಾಗ

ಓಪನ್‌ವಿಪಿಎನ್ ಬಿಟ್ಟು ವೈರ್‌ಗಾರ್ಡ್‌ಗೆ ಹೋಗಲು ಯೋಚಿಸುತ್ತಿರುವವರು ಹಳೆಯದನ್ನು ಕೆಡವಬೇಡಿ. ಪೋರ್ಟ್ ಬೇರೆ, ಒಳವಿಳಾಸಗಳ ವ್ಯಾಪ್ತಿ ಬೇರೆ ಇಟ್ಟುಕೊಂಡರೆ ಒಂದೇ ಸರ್ವರ್‌ನಲ್ಲಿ ಎರಡೂ ತಂಟೆಯಿಲ್ಲದೆ ನಡೆಯುತ್ತವೆ. ಬಳಕೆದಾರರನ್ನು ಒಬ್ಬೊಬ್ಬರಾಗಿ ಸಾಗಿಸಿ.

ದೂರದಿಂದ ಕೆಲಸ ಮಾಡುವಾಗ, ನೀವು ಯಾವ ಟನಲ್ ಮೂಲಕ ಒಳಹೋಗಿದ್ದೀರೋ ಅದನ್ನೇ ಇಳಿಸಿ ಏರಿಸುವ ಆದೇಶ ಕೊಡಬೇಡಿ. ಇಳಿದ ಮೇಲೆ ಏರಿಸಲು ನೀವು ಒಳಗಿರುವುದಿಲ್ಲ. ವೈರ್‌ಗಾರ್ಡ್‌ನಲ್ಲಿ ‘ಸಿಂಕ್‌ಕಾನ್ಫ್’ ಉಪಆದೇಶ ಬದಲಾದ ಪೀರ್‌ಗಳನ್ನಷ್ಟೇ ಮುಟ್ಟುತ್ತದೆ, ಉಳಿದವರ ಸಂಪರ್ಕ ಕಡಿಯುವುದಿಲ್ಲ. ಫೈರ್‌ವಾಲ್ ನಿಯಮವನ್ನೂ ಬದಲಿಸಬೇಕಿದ್ದರೆ 10 ನಿಮಿಷದ ನಂತರ ಹಳೆಯ ನಿಯಮಗಳನ್ನು ಮತ್ತೆ ಹಾಕುವ ಕೆಲಸವೊಂದನ್ನು ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಂಡಿಗೆ ಮೊದಲೇ ಒಪ್ಪಿಸಿ, ಎಲ್ಲ ಸರಿಯಾದ ಮೇಲೆ ಅದನ್ನು ರದ್ದು ಮಾಡಿ.

ಓಪನ್‌ವಿಪಿಎನ್‌ನ ಸ್ಟೇಟಸ್ ಕಡತದಲ್ಲಿ ಸದ್ಯಕ್ಕೆ ಯಾರೂ ಕಾಣುತ್ತಿಲ್ಲವೆಂದು 1194ನ್ನು ಮುಚ್ಚಿಬಿಡಬೇಡಿ. ಆ ಕಡತ ತೋರಿಸುವುದು ಈ ಕ್ಷಣ ಒಳಗಿರುವವರನ್ನು ಮಾತ್ರ. ತಿಂಗಳಿಗೊಮ್ಮೆ ಎದ್ದು ಬ್ಯಾಕಪ್ ಕಳಿಸುವ ಯಂತ್ರ, ಲೆಕ್ಕಪತ್ರ ಮುಗಿಸುವ ದಿನ ಮಾತ್ರ ಒಳಬರುವ ಬಳಕೆದಾರ, ಇವರೆಲ್ಲ ಅದರಲ್ಲಿ ಸಿಗುವುದಿಲ್ಲ. ಹಿಂದಿನ ಕೆಲವು ತಿಂಗಳ ಲಾಗ್‌ನಿಂದ ಸರ್ಟಿಫಿಕೇಟ್ ಹೆಸರುಗಳನ್ನು ಹೆಕ್ಕಿ, ಸಾಗಿಸಿ ಮುಗಿದವರ ಪಟ್ಟಿಯೊಂದಿಗೆ ತಾಳೆ ನೋಡಿ. ಉಳಿದ ಹೆಸರುಗಳು ಯಾರವೆಂದು ಕೇಳಿ ತಿಳಿದುಕೊಂಡ ಮೇಲೆ ಪೋರ್ಟ್ ಮುಚ್ಚಿ.